ಜೀವಕೋಶಗಳ ಬಾಣಂತನ

ಪ್ರಯೋಗಾಲಯದಲ್ಲಿ ಎಲ್ಲರೂ ಆಕೆಯನ್ನು ಮೊದಲಿಂದಲೂ ಅಜ್ಜಿ ಎಂದೇ ಕರೆಯುವುದು. ಹೆರಿಗೆ ವಾರ್ಡಿನಿಂದ ಬರುವ ಹೊಕ್ಕುಳಬಳ್ಳಿಯ ರಕ್ತನಾಳದಿಂದ ಜೀವಕೋಶಗಳನ್ನು ಬಿಡಿಸಿ ತಟ್ಟೆಯಲ್ಲಿ ಸಾಕುವುದು ಆಕೆಯ ಕೆಲಸ. ಅವುಗಳ ಮುಂದೆ ಪ್ರೊಫೆಸರೂ ಸೀನುವಂತಿಲ್ಲ. "ಕೂಸುಗಳು ಮಲಗಿವೆ, ಬಾಗಿಲು ಮೆತ್ತಗೆ ಹಾಕಿ ಸಾರ್" ಎಂದು ಗದರುತ್ತಾಳೆ. ಕೆಟ್ಟ ಎಣ್ಣೆ ಮೈಗೆ ಏನು ಮಾಡುತ್ತದೆ ಎಂದು ಈ ಕೋಶಗಳ ಮೇಲೆ ನೋಡುವುದೇ ಅಲ್ಲಿನ ಪ್ರಯೋಗ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯ ಅಂಶ ಬೆರೆಸಿದರೆ ಸಾಕು, ತುಕ್ಕು ಕಬ್ಬಿಣವನ್ನು ತಿಂದ ಹಾಗೆ ಆಮ್ಲಜನಕವೇ ಆ ಕೋಶಗಳನ್ನು ಒಳಗಿಂದ ತಿನ್ನುತ್ತದೆ. ಅದನ್ನು ಕಣ್ಣಾರೆ ಕಂಡವಳು ದಿನಾ ಕ್ಯಾಂಟೀನಿನ ಬಾಣಲೆ ಮೂಸಿ ನೋಡದೆ ಯಾರನ್ನೂ ಊಟಕ್ಕೆ ಕೂರಲು ಬಿಡುವುದಿಲ್ಲ. ಆಕೆಯ ಚಪ್ಪಲಿ ಸದ್ದು ಕೇಳಿದರೇ ಅಡುಗೆಯವನು ಹಳೆ ಎಣ್ಣೆ ಚೆಲ್ಲಿಬಿಡುತ್ತಾನೆ. ಈಚೆಗೆ ಸ್ವಂತ ಮಗಳ ಹೆರಿಗೆಯಾಗಿ, ಮಗಳೇ ಒಪ್ಪಿ ಕೊಟ್ಟ ಬಳ್ಳಿಯೂ ಆಕೆಯ ಕೈಗೇ ಬಂತು. ಅದರ ಕೋಶಗಳು ತಟ್ಟೆ ತುಂಬಿದಾಗ, "ಈ ತಟ್ಟೆಗೆ ಕೆಟ್ಟ ಎಣ್ಣೆ ನಾನು ಹಾಕ್ತೀನಿ ಬಿಡಿ ಅಜ್ಜಿ" ಎಂದು ಪ್ರೊಫೆಸರು ಮುಂದೆ ಬಂದರು. "ನಮ್ಮನೆ ಕೂಸು ಅಂತ ಎಣ್ಣೆ ದಾಕ್ಷಿಣ್ಯ ತೋರಿಸುತ್ತಾ?" ಎಂದವಳೇ ಅಜ್ಜಿ ತಾನೇ ಹನಿಸಿದಳು. ಮರುದಿನ ಬಾಡಿದ ಕೋಶಗಳನ್ನು ಎಲ್ಲರನ್ನೂ ಕರೆದು ಸೂಕ್ಷ್ಮದರ್ಶಕದಲ್ಲಿ ತೋರಿಸಿದಳು, ಮೊಮ್ಮಗಳ ಮುಖ ತೋರಿಸಿದಷ್ಟೇ ಹೆಮ್ಮೆಯಿಂದ: "ಹುಟ್ಟಿ ಹದಿನೈದು ದಿನ ಆಗಿಲ್ಲ, ಆಗಲೇ ದೊಡ್ಡವರಿಗೆ ಬುದ್ಧಿ ಹೇಳ್ತಿದ್ದಾಳೆ ನೋಡಿ!"