ಯಾರೂ ನೋಡಿಲ್ಲ ಎಂದು ಬರೆದೆ

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಅಪ್ಪ ಕಮಲಾಪುರದಲ್ಲಿ ಬಾಳೆಗೊನೆಗಳನ್ನು ಲಾರಿಗೆ ಏರಿಸುತ್ತಿದ್ದ. ಅವ್ವ ಮಂದಿಯ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ನಾನು ಫಿಜಿಶಿಯನ್ ಅಸಿಸ್ಟೆಂಟ್ ಕೋರ್ಸು ಮುಗಿಸಿ, ಕಲಬುರಗಿಯ ಒಂದು ಆಸ್ಪತ್ರೆಯ ಹೃದಯ ವಿಭಾಗದಲ್ಲಿ ಒಂದು ವರ್ಷದ ತರಬೇತಿಗೆ ಸೇರಿದೆ. ಡಾಕ್ಟರರ ಕೈಕೆಳಗೆ ರೋಗಿಯನ್ನು ಮೊದಲು ನೋಡುವುದು, ವಿವರ ಬರೆದುಕೊಳ್ಳುವುದು, ಇಸಿಜಿ ಓದಿ ಅವರಿಗೆ ತೋರಿಸುವುದು ನಮ್ಮ ಕೆಲಸ. ಸೇರಿದವರು ಆರು ಜನ. ಮೆಟ್ರಿಕ್ಕಿನವರೆಗೆ ಇಂಗ್ಲಿಷಿನಲ್ಲಿ ಒಂದು ಮಾತೂ ಆಡದೆ ಬಂದವಳು ನಾನೊಬ್ಬಳೇ. ಇಷ್ಟನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಮುಂದಿನದನ್ನು ಹಾಗೆ ಹೇಳಲಾರೆ.

ರವಿವಾರ ಊರಿಗೆ ಹೋದರೆ ನಮ್ಮ ಅಂಗಳದಲ್ಲಿ ಐದಾರು ಜನ ಕೂತಿರುತ್ತಿದ್ದರು. ಒಬ್ಬರಿಗೆ ಬಿಪಿ, ಇನ್ನೊಬ್ಬರಿಗೆ ಮೊಣಕಾಲು. ಎಲ್ಲರೂ ನನ್ನನ್ನು ಡಾಕ್ಟರ್ ಅನ್ನುತ್ತಿದ್ದರು. ಮೊದಮೊದಲು ಅಲ್ಲ ಅಂದೆ. ಆಮೇಲೆ ಸುಮ್ಮನಾದೆ. ಸುಮ್ಮನಿರುವುದು ಹಿತವಾಗಿತ್ತು.

ಅಂಥ ಒಂದು ಬೆಳಿಗ್ಗೆ ಪಕ್ಕದ ಮನೆಯ ಚಾಚಾ ಬಂದ. ಟೇಲರ್ ಕೆಲಸ, ಹಳೆಯ ಸಕ್ಕರೆ ಕಾಯಿಲೆ. ಅಂಗಿಯ ಬೆನ್ನು ಬೆವರಿಗೆ ಅಂಟಿತ್ತು.

"ಬೇಟಿ, ನಸುಕಿನಾಗಿಂದ ಗದ್ದ ಜಗ್ಗಾಕತ್ತದ. ಹೊಟ್ಟಿ ಮ್ಯಾಲೂ ಉರಿ."

"ನಿನ್ನಿ ದಾವತಿನಾಗ ಬಿರಿಯಾನಿ ಎಷ್ಟು ಹೊಡದಿ, ಅದನ್ನ ಹೇಳು" ಅಂದಳು ಬಾಗಿಲಲ್ಲಿ ನಿಂತಿದ್ದ ಅವ್ವ.

ಕೂತವರು ನಕ್ಕರು. ಚಾಚಾನೂ ನಕ್ಕ.

ಸಕ್ಕರೆ ಇದ್ದವರು ಗದ್ದ ನೋವು, ಬೆವರು ಅಂದರೆ ಎದೆನೋವು ಇಲ್ಲದಿದ್ದರೂ ಹೃದಯಾಘಾತವಿರಬಹುದು, ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ತರಬೇತಿಯ ಮೊದಲ ವಾರವೇ ಇದನ್ನು ಕಲಿಸಿದ್ದರು. ಸರ್ಕಾರಿ ಆಸ್ಪತ್ರೆ ನಮ್ಮ ಮನೆಯಿಂದ ಬಹಳ ದೂರವೇನಿಲ್ಲ. ಆದರೆ ಅಲ್ಲಿಗೆ ಹೋಗು ಅಂದರೆ, ಮತ್ತೆ ನೀನೆಂಥ ಡಾಕ್ಟರ್ ಅಂತ ಅಂಗಳದವರು ಅಂದುಕೊಂಡಾರು ಎನಿಸಿತು. ನಾಡಿ ಹಿಡಿದೆ, ಹೊಟ್ಟೆ ಒತ್ತಿದೆ. "ಗ್ಯಾಸ್ ಅದ ಚಾಚಾ" ಅಂದು ಒಂದು ಗುಳಿಗೆ ಕೊಟ್ಟು, ಮಧ್ಯಾಹ್ನದ ಬಸ್ಸಿಗೆ ಕಲಬುರಗಿಗೆ ಬಂದುಬಿಟ್ಟೆ.

ಮರುದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಚಾಚಾನನ್ನು ಜೀಪಿನಲ್ಲಿ ನಮ್ಮ ಆಸ್ಪತ್ರೆಗೇ ತಂದರು. ಇಸಿಜಿ ತೆಗೆದವಳು ನಾನೇ. ಕಾಗದ ಅರ್ಧ ಹೊರಬರುವಷ್ಟರಲ್ಲಿ ಗೊತ್ತಾಯಿತು. ದೊಡ್ಡ ಹೃದಯಾಘಾತ, ಅದೂ ಹಿಂದಿನ ದಿನದ್ದು. ಚಾಚಾ ಆಮ್ಲಜನಕದ ಮಾಸ್ಕ್ ಸರಿಸಿ ಪಕ್ಕದ ನರ್ಸಿಗೆ, "ನಮ್ಮ ಬೇಟಿ ಇಲ್ಲೇ ಅದಾಳ, ಚಿಂತಿ ಇಲ್ಲ" ಅಂದ. ನಾನು ಮಾಸ್ಕ್ ಮತ್ತೆ ಸರಿಮಾಡಿದೆ. ಅವನ ಉಸಿರಿಗಾಗಿ ಎಷ್ಟೋ, ಅವನು ಇನ್ನೂ ಮಾತಾಡದಿರಲಿ ಅಂತ ಎಷ್ಟೋ, ಇವತ್ತಿಗೂ ಖಚಿತವಾಗಿ ಹೇಳಲಾರೆ.

ಮುಚ್ಚಿದ್ದ ರಕ್ತನಾಳ ತೆರೆದು ಸ್ಟೆಂಟ್ ಹಾಕಿದರು. ಜೀವ ಉಳಿಯಿತು, ಆದರೆ ಹೃದಯದ ಒಂದು ಭಾಗ ಸೋತುಹೋಗಿತ್ತು.

ನಮ್ಮ ಕೇಸ್ ಶೀಟಿನಲ್ಲಿ ಒಂದು ಸಾಲು ಇರುತ್ತದೆ: ರೋಗಿಯನ್ನು ಮೊದಲು ನೋಡಿದ ವೈದ್ಯಕೀಯ ಸಿಬ್ಬಂದಿ ಯಾರು, ಎಷ್ಟು ಹೊತ್ತಿಗೆ. ಎಲ್ಲಿ ತಡವಾಯಿತು ಎಂದು ತಿಳಿಯುವುದು ಅದರಿಂದಲೇ. ನಾನು ಇಂಗ್ಲಿಷಿನಲ್ಲಿ, ಚೆಂದದ ಅಕ್ಷರದಲ್ಲಿ, ಯಾರೂ ನೋಡಿಲ್ಲ ಎಂದು ಬರೆದೆ.

ಶನಿವಾರ ವಿಭಾಗದ ದೊಡ್ಡ ಡಾಕ್ಟರು ವಾರದ ಕೇಸುಗಳನ್ನು ಎಲ್ಲರ ಮುಂದೆ ತೆಗೆಯುತ್ತಾರೆ. ಚಾಚಾನ ಶೀಟು ಹಿಡಿದು, "ಇಡೀ ಒಂದು ದಿವಸ ಮನ್ಯಾಗ ಕೂತಾನ. ನಮ್ಮ ಹಳ್ಳಿ ಮಂದಿ ಹಿಂಗೇ ನೋಡ್ರಿ, ಸೋಡಾ ಕುಡದು ಮಲಗತಾರ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಮ್ಮ ವಿಭಾಗದ, ಖೂಬಾ ಪ್ಲಾಟ್ ಬಡಾವಣೆಯ ಹಿರಿಯ ನರ್ಸ್ ಒಬ್ಬರು ನಗಲಿಲ್ಲ. ಅವರನ್ನು ನಾವು ಅಕ್ಕಾರು ಅನ್ನುತ್ತಿದ್ದೆವು. ಕ್ಯಾಂಟೀನಿನಲ್ಲಿ ಚಹಾ ಇಟ್ಟುಕೊಂಡು ನನ್ನೆದುರು ಕೂತರು.

"ಆ ಟೇಲರನ ಹೆಂಡತಿ ವಾರ್ಡಿನಾಗ ಎಲ್ಲಾರಿಗೂ ಹೇಳಾಕತ್ತಾಳ, ನಮ್ಮ ಡಾಕ್ಟರ್ ಬೇಟಿ ಮೊದಲೇ ನೋಡಿದ್ಳು ಅಂತ. ಯಾರವ್ವಾ ಆ ಡಾಕ್ಟರ್?"

ನಾನು ಅಲ್ಲಿಂದ ಏಳಲು ನೋಡಿದೆ.

"ಆ ಹಾಳಿ ನೀ ತಿದ್ದತಿಯೋ, ನಾ ಹೇಳ್ಲೋ?"

ದೊಡ್ಡ ಡಾಕ್ಟರ ಹತ್ತಿರ ನಾನಾಗಿ ಹೋದೆ ಎಂದು ಬರೆದುಕೊಳ್ಳಬಹುದಿತ್ತು. ಹಾಗಲ್ಲ. ಅಕ್ಕಾರು ಅಂದಿದ್ದಕ್ಕೆ ಹೋದೆ. ದೊಡ್ಡ ಡಾಕ್ಟರು ಕೇಳಿ ಆ ಶೀಟನ್ನು ತರಿಸಿಕೊಂಡರು. "ಗ್ಯಾಸ್ ಅಂತ ನಾನೂ ಒಮ್ಮೆ ತಪ್ಪಿದೀನಿ. ಆದ್ರ ಅವತ್ತು ನಾನೇ ನೋಡಿದ್ದು ಅಂತ ಹಾಳಿ ಮ್ಯಾಲ ಬರದಿಟ್ಟಿದ್ದೆ" ಅಂದರು. ಹಳೆಯ ಸಾಲು ಓದಲು ಬರುವ ಹಾಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ ನನ್ನ ಹೆಸರು, ಹೊತ್ತು ಬರೆದು ಸಹಿ ಮಾಡಲು ಹೇಳಿದರು. ಮೂರು ತಿಂಗಳು ನಾನು ಒಬ್ಬಳೇ ಯಾವ ರೋಗಿಯನ್ನೂ ನೋಡುವಂತಿಲ್ಲ ಎಂದಾಯಿತು.

ಅಲ್ಲಿಂದ ವಾರ್ಡಿಗೆ ಹೋದೆ. ಚಾಚಾ ಎದ್ದು ಕೂತಿದ್ದ. ಚಾಚಿ ಮೋಸಂಬಿ ಸುಲಿಯುತ್ತಿದ್ದಳು.

"ಚಾಚಾ, ನಾ ಡಾಕ್ಟರ್ ಅಲ್ಲ. ಅವತ್ತೇ ನಿನ್ನ ದವಾಖಾನಿಗಿ ಕಳಸಬೇಕಿತ್ತು. ಕಳಸಲಿಲ್ಲ."

ಚಾಚಾ ಮೋಸಂಬಿಯ ತೊಳೆಯನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದ.

"ಡಾಕ್ಟರ್ ಅಲ್ಲಂತ ಗೊತ್ತದ ಬೇಟಿ. ನೀ ಸೇರಿದ ದಿನಾನೇ ನಿಮ್ಮಪ್ಪ ಎಲ್ಲಾ ಬಿಡಿಸಿ ಹೇಳಿದ್ದ. ಹಂಗ ಕರದ್ರ ನಿನ್ನ ಮಾರಿ ಅರಳತಿತ್ತು, ಅದಕ್ಕ ಕರೀತಿದ್ವಿ."

ಅಂಗಳದವರೆಲ್ಲ ನನ್ನ ಸಲುವಾಗಿ ಆಡಿದ್ದ ಡಾಕ್ಟರ್ ಎಂಬ ಮಾತನ್ನು ಕಾಪಾಡಿಕೊಳ್ಳಲು ನಾನು ಅವನನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಎಲ್ಲರೆದುರು ಅವನ ಮೇಲೆ ನಕ್ಕಿದ್ದೆ ಕೂಡ. ನಕ್ಕಿದ್ದನ್ನು ಮಾತ್ರ ಇನ್ನೂ ಅವನಿಗೆ ಹೇಳಿಲ್ಲ.

ಚಾಚಿ ನನ್ನ ಮುಖ ನೋಡಲಿಲ್ಲ. ಸಿಪ್ಪೆಗಳನ್ನು ಕಾಗದದಲ್ಲಿ ಸುತ್ತುತ್ತ, "ಇವರು ಪಾಯಖಾನಿ ತನಕ ನಡೀಬಹುದೇನು?" ಅಂದಳು.

ನಾನು ಬಾಯಿ ತೆರೆದೆ.

"ನೀ ಹೇಳಬ್ಯಾಡ" ಅಂದಳು. "ಡಾಕ್ಟರರಿಗೆ ಕೇಳಿ ಬಾ."

ಕೇಳಿ ಬರಲು ಹೋದೆ.