ಒಸಿ ಕಿವುಡು ಮೈಕು

ಮೊನ್ನೆ ಟ್ರಂಕಿನ ತಳದಲ್ಲಿ ಹಳೇ ಕ್ಯಾಸೆಟ್ಟೊಂದು ಸಿಕ್ಕಿತು. ಡಬ್ಬಿ ತೆರೆದರೆ ಕೊಬ್ಬರಿಯ ಕಮಟು ವಾಸನೆ. ಅಷ್ಟೇ ಸಾಕಾಯಿತು, ಮೈಕ್ ಮಾವ ಎದುರಿಗೇ ಬಂದು ನಿಂತಂತಾಯಿತು...

ಮಾವ ಎಂದರೆ ಸ್ವಂತ ಮಾವನಲ್ಲ. ತಿಪಟೂರಿನಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದವರು. ಸುತ್ತಮುತ್ತ ಯಾರ ಮದುವೆಯಾದರೂ ಓಲಗ ನಿಂತ ಕೂಡಲೇ ಮೈಕು ಹಿಡಿದು ಊಟಕ್ಕೆ ಕರೆಯುತ್ತಿದ್ದವರು ಅವರೇ. ಆ ಕರೆ ಕೇಳದೆ ಪಂಕ್ತಿಗೆ ಕೂತರೆ ಉಂಡ ಹಾಗೇ ಆಗುತ್ತಿರಲಿಲ್ಲ.

ಎಂಬತ್ತರ ದಶಕದ ಮೊದಲಲ್ಲಿ ನನಗೆ ಗಿಟಾರಿನ ಹುಚ್ಚು. ಅಮ್ಮಸಂದ್ರದ ಕಾರ್ಖಾನೆ ಕ್ವಾರ್ಟರ್ಸಿನಲ್ಲಿದ್ದ ಟೀಚರೊಬ್ಬರು ಕಲಿಸಿ, ತಮ್ಮ ಗಿಟಾರನ್ನೇ ಎರಡು ವರ್ಷ ನನ್ನ ಬಳಿ ಬಿಟ್ಟಿದ್ದರು. ಅವರ ಯಜಮಾನರಿಗೆ ವರ್ಗವಾಯಿತು. ಭಾನುವಾರ ಸಂಜೆಯೊಳಗೆ ಗಿಟಾರ್ ವಾಪಸ್ ಕೊಡಬೇಕು. ಇನ್ನೊಂದು ಕೊಳ್ಳುವ ಮಾತನ್ನು ಮನೆಯಲ್ಲಿ ಎತ್ತುವ ಹಾಗಿರಲಿಲ್ಲ. ನಾನೇ ಕಟ್ಟಿದ ಟ್ಯೂನೊಂದಿತ್ತು; ಅದಾದರೂ ಟೇಪಿನಲ್ಲಿ ಉಳಿಯಲಿ ಅಂತ ಆಸೆ. ಅಣ್ಣನ ಟೇಪ್ ರೆಕಾರ್ಡರಿನ ಒಳಗಿನ ಮೈಕಿನಲ್ಲಿ ಹಿಡಿದರೆ ಗಿಟಾರು ತಗಡಿನ ಡಬ್ಬದ ಹಾಗೆ ಕೇಳುತ್ತಿತ್ತು. ಟ್ಯೂಷನ್ ಹೇಳಿ ಕೂಡಿಟ್ಟಿದ್ದನ್ನು ಹಿಡಿದು ಮಾವನ ಅಂಗಡಿಗೆ ಹೋದೆ.

ಗಾಜಿನ ಬೀರುವಿನಲ್ಲಿ ಬೆಂಗಳೂರಿನಿಂದ ತರಿಸಿದ ಹೊಳೆಯುವ ಮೈಕೊಂದಿತ್ತು. ಕಷ್ಟಪಟ್ಟರೆ ಕೊಳ್ಳಬಹುದಿತ್ತು. ಮಾವ ಬೀಗವನ್ನೇ ತೆಗೆಯಲಿಲ್ಲ.

"ಅದ್ಕೆ ಕಿವಿ ಜಾಸ್ತಿ ಕಣವ್ವ. ನಿಮ್ ಕೊಟ್ಟಿಗೇಲಿ ಎಮ್ಮೆ ಉಸ್ರು ಬುಟ್ರೂ ಹಿಡೀತದೆ. ನಿಂಗೆ ಬೇಕಾಗಿರೋದು ಒಸಿ ಕಿವುಡು."

ತಲೆ ನೆಗ್ಗಿದ ಹಳೇ ಮೈಕೊಂದನ್ನು ಅಗ್ಗಕ್ಕೆ ಕೊಟ್ಟರು. ಹತ್ತಿರದ್ದು ಬಿಟ್ಟರೆ ಅದಕ್ಕೆ ಬೇರೇನೂ ಕೇಳುತ್ತಿರಲಿಲ್ಲ. ವ್ಯಾಪಾರ ಗೊತ್ತಿಲ್ಲದ ಮನುಷ್ಯ ಅಂತ ಅವರ ಹೆಂಡತಿ ಒಳಗಿನಿಂದ ಗೊಣಗಿದ್ದು ನನಗೂ ಕೇಳಿಸಿತು.

ಭಾನುವಾರ ಮಾವನೇ ಮನೆಗೆ ಬಂದರು. ನಡುಮನೆಯಲ್ಲಿ ಚಪ್ಪಾಳೆ ತಟ್ಟಿ ನೋಡಿ ಬೇಡವೆಂದರು, ಗೋಡೆ ಮಾತಾಡುತ್ತದಂತೆ. ನನ್ನನ್ನು ಕೊಬ್ಬರಿ ಅಟ್ಟ ಹತ್ತಿಸಿದರು. ಸಿಪ್ಪೆಸಮೇತ ಒಣಗುತ್ತಿದ್ದ ಕಾಯಿರಾಶಿಯ ನಡುವೆ ಕೂತು ಮೀಟಿದರೆ ಒಂದಿಷ್ಟೂ ಗುಂಯ್ ಅನ್ನುತ್ತಿರಲಿಲ್ಲ. ನಾರೆಲ್ಲ ಸದ್ದು ಕುಡಿದುಬಿಡುತ್ತಿತ್ತು. ನಾನು ಮೈಕನ್ನು ಗಿಟಾರಿನ ತೂತಿಗೆ ನೇರವಾಗಿ ಇಟ್ಟಿದ್ದೆ. ಒಳಗೆ ಕೊಬ್ಬರಿ ಕಳಚಿತೋ ಇಲ್ಲವೋ ಅಂತ ಕಾಯಿ ಅಲ್ಲಾಡಿಸಿ ಕೇಳುತ್ತಾರಲ್ಲ, ಹಾಗೆ ಮಾವ ಒಂದು ಕಿವಿ ಮುಚ್ಚಿ, ಇನ್ನೊಂದನ್ನು ಗಿಟಾರಿನ ಸುತ್ತ ಆಡಿಸಿದರು. ಗಿಟಾರಿನ ಕತ್ತು ಬುರುಡೆಗೆ ಸೇರುವ ಜಾಗಕ್ಕೆ ಬಂದಾಗ ತಲೆದೂಗಿದರು. ಅಲ್ಲಿಂದ ಒಂದು ಗೇಣು ದೂರಕ್ಕೆ ಮೈಕು ಸರಿಸಿದರು.

ಎರಡು ಸಲ ಬೆರಳು ತಪ್ಪಿತು. ಅಮ್ಮಸಂದ್ರದ ಬಸ್ಸಿಗೆ ಹೊತ್ತಾಗುತ್ತಿತ್ತು. ಮೂರನೇ ಸಲ... ನುಡಿಸಿದ್ದು ನಾನೇನಾ ಅನ್ನುವಷ್ಟು ಚೆನ್ನಾಗಿ ಬಂತು. ಕೊನೆಯ ತಂತಿ ಇನ್ನೂ ನಡುಗುತ್ತಿತ್ತು. ಮಾವ ಕಣ್ಣು ಮುಚ್ಚಿಕೊಂಡೇ ಮೈಕಿಗೆ ಬಗ್ಗಿದರು.

"ಎಲೆ ಹಾಕಿದೆ, ಎಲ್ರೂ ಊಟಕ್ಕೆ ಬರ್ಬೇಕು."

ಎಷ್ಟೋ ವರ್ಷದ ಅಭ್ಯಾಸ, ಸಂಗೀತ ನಿಂತರೆ ಆ ಮಾತು ತಾನಾಗಿ ಬಾಯಿಗೆ ಬರುತ್ತಿತ್ತು. ಪಾಪ, ನಾಲಿಗೆ ಕಚ್ಚಿಕೊಂಡರು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಮತ್ತೆ ನುಡಿಸಲು ಹೊತ್ತಿರಲಿಲ್ಲ. ಗಿಟಾರ್ ಎತ್ತಿಕೊಂಡು ಹೊರಟವಳು ಅವರ ಮುಖ ಕೂಡ ನೋಡಲಿಲ್ಲ. ಒಂದು ತಿಂಗಳು ಅವರ ಬೀದಿಯಲ್ಲಿ ಹಾಯಲಿಲ್ಲ. ಆಮೇಲೆ ಮಾತು ಶುರುವಾಯಿತು, ಆದರೆ ಕ್ಯಾಸೆಟ್ಟಿನ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ. ಚೆನ್ನಾಗಿ ಬಂದಿತ್ತು ಮಾವ ಅಂತ ಒಂದು ಮಾತು ಹೇಳಬಹುದಿತ್ತು...

ಅವರ ತಿಥಿಗೆ ಹೋಗಿದ್ದೆ. ಎಲೆ ಹಾಕಿ ಎಷ್ಟು ಹೊತ್ತಾದರೂ ಜನ ಹೊರಗೇ ನಿಂತಿದ್ದರು.

ಮೊನ್ನೆ ಕ್ಯಾಸೆಟ್ ಹಾಕಿ ಕೇಳಿದೆ. ಗಿಟಾರು ನಾನಂದುಕೊಂಡಷ್ಟೇನೂ ಚೆನ್ನಾಗಿಲ್ಲ, ಎರಡು ಕಡೆ ತಾಳ ತಪ್ಪಿದೆ. ಕೊನೆಗೆ ಮಾವನ ದನಿ, ಪಕ್ಕದಲ್ಲೇ ಕೂತು ಕರೆದ ಹಾಗೆ. ಒಳಗಿದ್ದ ನಮ್ಮೆಜಮಾನರು ಕೈ ತೊಳೆದುಕೊಂಡು ಬಂದು, ಬಡಿಸಿದೆಯಾ ಅಂದರು.

ಕರೆದವರು ಈಗಿಲ್ಲ ಅನ್ನಲು ಹೋದವಳು ಟೇಪ್ ನಿಲ್ಲಿಸಿದೆ. ಎದ್ದು ಹೋಗಿ ಎಲೆ ಹಾಕಿದೆ.