ಆ ಹಾಸ್ಟೆಲ್ಲಿನ ಸಾರು

"ಕೂತ್ಕೋ ಮಗಾ, ಬಂದೋರು ಉಂಡೇ ಹೋಗ್ಬೇಕು" ಎಂದು ಹಾಸ್ಟೆಲ್ಲಿನ ಅಡುಗೆಯಜ್ಜ ನನ್ನ ಮುಂದೆ ತಟ್ಟೆಯಿಟ್ಟರು. ಎಪ್ಪತ್ತರ ದಶಕದ ಮಾತು. ಶಿವಮೊಗ್ಗದಲ್ಲಿ ಕಾಲೇಜು ಸೇರಿದ್ದ ತಮ್ಮನನ್ನು ಮಠದ ಉಚಿತ ಹಾಸ್ಟೆಲ್ಲಿಗೆ ಬಿಡಲು ಅಪ್ಪನೊಂದಿಗೆ ನಮ್ಮೂರು ಯಗಟಿಯಿಂದ ನಾನೂ ಹೋಗಿದ್ದೆ. ಹಿಂದಿನ ವರ್ಷ ಅದೇ ಕಾಲೇಜಿನಲ್ಲಿ ನನಗೂ ಸೀಟು ಸಿಕ್ಕಿತ್ತು. ಫೀಜಿಗೆ ಮೆರಿಟ್ ಸ್ಕಾಲರ್‌ಶಿಪ್ಪೂ ಇತ್ತು. ಆದರೆ ಹುಡುಗಿಯರಿಗೆ ಉಚಿತ ಹಾಸ್ಟೆಲ್ ಇರಲಿಲ್ಲ. ಊಟ-ವಸತಿಯ ಖರ್ಚು ಅಪ್ಪನ ಕೈಲಾಗುವಂತಿರಲಿಲ್ಲ. ಬಸ್ಸಿನಲ್ಲಿ ದಿನಾ ಹೋಗಿಬರುವ ಕಡೂರಿನ ಕಾಲೇಜೇ ಗತಿಯಾಯಿತು.

ಸಾರು ಬಡಿಸುತ್ತ ಅಜ್ಜ, "ನೀನೂ ಇಲ್ಲೇ ಓದ್ತೀಯೇನವ್ವ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ, ತಲೆಯೆತ್ತದೆ, "ಅವ್ಳಿಗೆ ಇನ್ನೊಂದ್ ಸೌಟು ಹಾಕಿ ಸ್ವಾಮಿ" ಎಂದರು.

ರಜೆಗೆ ಬಂದಾಗಲೆಲ್ಲ ನನ್ನ ತಮ್ಮ, ಹಾಸ್ಟೆಲ್ ಸಾರನ್ನು ಬೈಯುತ್ತಿದ್ದ. ನನಗೆ ಮಾತ್ರ ಅಂಥ ಸಾರು ಮತ್ತೆಲ್ಲೂ ಸಿಕ್ಕಿಲ್ಲ.